ಸುಗ್ಗಿಗೆ ಹಚ್ಚುವ ಮೇಣದಬತ್ತಿ

ಪ್ರಶ್ನೆ: ಆಧುನಿಕ ಪೇಗನ್ (ಕ್ರೈಸ್ತ ಧರ್ಮಕ್ಕೂ ಹಿಂದಿನ ಯುರೋಪಿನ ಪ್ರಕೃತಿ ಪೂಜೆಯನ್ನು ಮತ್ತೆ ರೂಢಿಸಿಕೊಂಡವರ) ಸುಗ್ಗಿ ಆಚರಣೆಗಳಲ್ಲಿ ಮೇಣದಬತ್ತಿ ಏಕೆ ಹಚ್ಚುತ್ತಾರೆ? ಯಾವ ಬಣ್ಣದ್ದು ಬೇಕು?

ಉತ್ತರ: ಉತ್ತರ ಗೋಳಾರ್ಧದಲ್ಲಿ ಸುಗ್ಗಿ ಹಬ್ಬಗಳು ಮೂರು. ಆಗಸ್ಟ್ 1ರ ಲೂನಸಾ, ಸೆಪ್ಟೆಂಬರ್ 22ರ ಆಸುಪಾಸಿನ ಮೇಬನ್, ಅಕ್ಟೋಬರ್ 31ರ ಸೌವಿನ್. ಆಗ ಹಗಲು ಕುಗ್ಗುತ್ತಾ ಬರುತ್ತದೆ, ಅಲ್ವಾ? ಇಳಿಯುವ ಸೂರ್ಯನ ಗುರುತಾಗಿ ಬತ್ತಿ ಹಚ್ಚುತ್ತಾರೆ. ಮೊದಲನೆಯದಕ್ಕೆ ಹಳದಿ, ಮೇಬನ್‌ಗೆ ಕಂದು ಕೆಂಪು, ಕೊನೆಯದಕ್ಕೆ ಕಪ್ಪು, ಕಿತ್ತಳೆ. ಇದು ರೂಢಿ, ಕಟ್ಟಳೆಯಲ್ಲ. ಬಣ್ಣಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಾನು ಮೂರಕ್ಕೂ ಜೇನುಮೇಣದ್ದನ್ನೇ ಹಚ್ಚುತ್ತೇನೆ. ಅದರ ಪರಿಮಳದಲ್ಲಿ ಬೇಸಿಗೆಯ ಹೂಗಳೆಲ್ಲ ಉಳಿದಿವೆ ಅನ್ನಿಸುತ್ತದೆ. ಒಮ್ಮೆ ಒಣ ಗೋಧಿ ತೆನೆಗೆ ಉರಿ ತಾಗಿ ಮೇಜಿನ ಬಟ್ಟೆ ಸುಟ್ಟಿತು. ಆಮೇಲಿಂದ ತೆನೆಗಳನ್ನು ಒಂದು ಮೊಳ ದೂರ ಇಡುತ್ತೇನೆ, ಬತ್ತಿಯನ್ನು ಗಾಜಿನ ಲಾಟೀನಿನೊಳಗೆ. ನೀವೂ ಹಾಗೇ ಮಾಡಿ.