ಆಟಿಸಂ ಇರುವ ದೊಡ್ಡ ಮಗನಿಗೆ ಆರೋಗ್ಯ ವಿಮೆ ಸಿಗುತ್ತದಾ?

ಅಕ್ಕಾರೆ, ನಿಮ್ಮ ಮಗನಿಗೆ 23 ವರ್ಷ, ಆಟಿಸಂ ಇದೆ, ಯಾದಗಿರಿಯಲ್ಲಿ ವಿಮೆ ಏಜೆಂಟರು ‘ಇಂಥವರಿಗೆ ಪಾಲಿಸಿ ಆಗಲ್ಲ’ ಅಂದರು, ಸರ್ಕಾರದ್ದು ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ. ‘ನಿರಾಮಯ’ ಅಂತ. ನಾನು ಕಲಬುರಗಿಯವನು, ನನ್ನ ತಮ್ಮನಿಗೆ ಈಗ 27. ಅವನಿಗೆ ಇದನ್ನೇ ಮಾಡಿಸಿದ್ದೇವೆ.

ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ವಿಮೆ ಇದು. ವರ್ಷಕ್ಕೆ 1 ಲಕ್ಷದವರೆಗೆ. ವಯಸ್ಸಿನ ಮಿತಿ ಇಲ್ಲ. ಸೇರುವ ಮುಂಚೆ ತಪಾಸಣೆಯೂ ಇಲ್ಲ. ಹೊಸದಾಗಿ ಸೇರಲು ಬಿಪಿಎಲ್‌ನವರಿಗೆ 250, ಉಳಿದವರಿಗೆ 500 ರೂಪಾಯಿ. ಅಡ್ಮಿಟ್ ಆಗದೆ ಡಾಕ್ಟರಿಗೆ ತೋರಿಸಿಕೊಂಡು ಬಂದ ಖರ್ಚು, ಔಷಧಿ, ಪರೀಕ್ಷೆ, ಥೆರಪಿಗೂ ಇದರಲ್ಲಿ ದುಡ್ಡು ಸಿಗುತ್ತದೆ. ಒಂದೊಂದಕ್ಕೂ ಬೇರೆ ಮಿತಿ ಇದೆ, ಅಷ್ಟೇ.

ನಮ್ಮಂಥ ಮನೆಗಳಿಗೆ ಇದೇ ಜಾಸ್ತಿ ಬೇಕಾಗುವುದು. ನಮ್ಮ ಹುಡುಗರು ಎಲ್ಲಿ ನೋವು ಅಂತ ಹೇಳಲ್ಲ ಅಲ್ವಾ? ಅವ್ವ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ನನ್ನ ತಮ್ಮ ಅಡುಗೆ ಮನೆ ಬಾಗಿಲಿಗೆ ಬಂದು ಕೂರುತ್ತಾನೆ. ಹೋದ ಬೇಸಿಗೆಯಲ್ಲಿ ಮೂರು ದಿನ ಬರಲಿಲ್ಲ. ಮಂಚದ ಅಂಚಿಗೆ ಹೊಟ್ಟೆ ಒತ್ತಿ ನಿಂತುಬಿಡುತ್ತಿದ್ದ. ಹಟ ಅಂದುಕೊಂಡೆವು, ಈಗಲೂ ನೆನೆದರೆ ಸಂಕಟ ಆಗುತ್ತದೆ. ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು, ವಾರದಿಂದ ಹೊಟ್ಟೆ ಕಟ್ಟಿಕೊಂಡಿತ್ತು. ಅಡ್ಮಿಟ್ ಆಗಿರಲಿಲ್ಲ, ಆದರೂ ಖರ್ಚು ವಾಪಸ್ ಬಂತು.

ಮೊದಲು ಕೈಯಿಂದ ಕಟ್ಟಿ, ಆಮೇಲೆ ಬಿಲ್ ಕಳಿಸಬೇಕು. ಒಮ್ಮೆ ನಾವು ಮೆಡಿಕಲ್ ಅಂಗಡಿ ಬಿಲ್ ಮಾತ್ರ ಕಳಿಸಿದ್ದೆವು, ಡಾಕ್ಟರ ಚೀಟಿ ಇರಲಿಲ್ಲ. ಕ್ಲೇಮ್ ತಿರಸ್ಕಾರ ಆಯಿತು. ಹಾಗಾಗಿ ಪ್ರತಿ ಚೀಟಿಯನ್ನೂ ಅವತ್ತೇ ಫೋಟೊ ತೆಗೆದಿಡಿ.

ಸೇರಲು ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿರದಿದ್ದರೆ ಆನ್‌ಲೈನಲ್ಲಿ ಅರ್ಜಿ ಹಾಕಿ, ತಪಾಸಣೆ ಜಿಲ್ಲಾ ಆಸ್ಪತ್ರೆಯಲ್ಲಿ ಆಗುತ್ತದೆ. ಹಳೆಯ ಪ್ರಮಾಣಪತ್ರದಲ್ಲಿ ‘ಬುದ್ಧಿಮಾಂದ್ಯ’ ಅಂತ ಇದ್ದರೆ ಗಾಬರಿ ಬೇಡ. ಅಂಗವಿಕಲರ ಕಾಯ್ದೆಯ ಪಟ್ಟಿಗೆ ಆಟಿಸಂ ಸೇರಿದ್ದೇ 2016ರಲ್ಲಿ. ನಿರಾಮಯದಲ್ಲಿ ಬುದ್ಧಿಮಾಂದ್ಯರಿಗೂ ಅವಕಾಶ ಇದೆ.

ದೊಡ್ಡ ಆಪರೇಷನ್‌ಗೆ 1 ಲಕ್ಷ ಸಾಲಲ್ಲ. ಅದಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ರೇಷನ್ ಕಾರ್ಡಿನಲ್ಲಿ ಮಗನ ಹೆಸರು ಇದೆಯಾ ನೋಡಿ. ಯಜಮಾನರಿಗೆ ಕೆಲಸದ ಕಡೆಯಿಂದ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಇದ್ದರೆ ಇನ್ನೂ ಒಳ್ಳೇದು. ದುಡಿಯಲಾಗದೆ ಪೂರ್ತಿ ಅಪ್ಪನನ್ನೇ ನಂಬಿರುವ ಮಗನಿಗೆ ಅಲ್ಲೂ ವಯಸ್ಸಿನ ಮಿತಿ ಇಲ್ಲ, ಕಲಬುರಗಿಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ.

ಆ ಏಜೆಂಟರ ಮಾತನ್ನು ಸುಮ್ನೆ ನಂಬಬೇಡಿ. ಅಂಗವಿಕಲರಿಗೂ ಪಾಲಿಸಿ ಇಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2023ರಲ್ಲೇ ಕಂಪನಿಗಳಿಗೆ ಹೇಳಿದೆ. ಆಗಲ್ಲ ಅಂದರೆ ಬರೆದು ಕೊಡಿ ಅನ್ನಿ.

ನಿರಾಮಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಅದರೊಳಗೆ ನವೀಕರಿಸಿ. ಅರ್ಜಿ ತುಂಬುವಾಗ ಎಲ್ಲಾದರೂ ತೊಡಕಾದರೆ ಇಲ್ಲೇ ಕೇಳಿ ಅಕ್ಕಾರೆ, ಕೂತು ಹೇಳಿಕೊಡುತ್ತೇನೆ.