ಯಂತ್ರ ಕೊಳ್ಳುವ ಮೊದಲು ಕಲಿಯಬೇಕಾದದ್ದು

ಪ್ರಶ್ನೆ: ನನಗೆ 27 ವರ್ಷ. ಪದವಿ ಮುಗಿದ ಮೇಲೆ, ಬೇರೆ ಕೆಲಸ ಸಿಗುವ ತನಕ ಇರಲಿ ಎಂದು ದೊಡ್ಡ ಅಳತೆಯ ವಿನೈಲ್ ಗ್ರಾಫಿಕ್ಸ್, ಅಂದರೆ ವಾಹನ, ಗೋಡೆಗಳಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆಯ ಚಿತ್ರಗಳನ್ನು ತಯಾರಿಸುವ ಸಂಸ್ಥೆಯೊಂದಕ್ಕೆ ಸೇರಿದೆ, ನಾಲ್ಕು ವರ್ಷವಾಯಿತು. ರೋಲ್ ಏರಿಸುವುದು, ಪ್ರಿಂಟರ್ ನೋಡಿಕೊಳ್ಳುವುದು, ಲ್ಯಾಮಿನೇಷನ್, ಕಟಿಂಗ್, ಇವು ನನ್ನ ಪಾಲಿನ ಕೆಲಸಗಳು. ನನಗೆ ಇದು ಇಷ್ಟವಾಗಿದೆ. ಆದರೆ ತಂದೆ ಇದನ್ನು ‘ಸ್ಟಿಕ್ಕರ್ ಅಂಟಿಸುವ ಕೆಲಸ’ ಎನ್ನುತ್ತಾರೆ, ನೆಂಟರ ಮುಂದೆ ನನ್ನ ಉದ್ಯೋಗದ ಮಾತನ್ನೇ ಎತ್ತುವುದಿಲ್ಲ. ಅಣ್ಣ ತನ್ನ ಉಳಿತಾಯದ ಜೊತೆ ಸಾಲವನ್ನೂ ಮಾಡಿ ಹಳೆಯ ಪ್ರಿಂಟರ್ ಒಂದನ್ನು ಕೊಡಿಸುತ್ತೇನೆ, ಸ್ವಂತ ಶುರುಮಾಡು ಎನ್ನುತ್ತಿದ್ದಾನೆ. ಇದರಲ್ಲೇ ಉಳಿಯಲೇ, ಸ್ವಂತ ಯಂತ್ರ ಹಾಕಲೇ, ಅಥವಾ ವಯಸ್ಸು ಮೀರುವ ಮುನ್ನ ಕಚೇರಿ ಕೆಲಸ ಹುಡುಕಲೇ?

ಉತ್ತರ: ನೀವು ಕೇಳಿರುವ ಮೂರು ಪ್ರಶ್ನೆಗಳಲ್ಲಿ ಒಂದಕ್ಕೆ ನೀವೇ ಉತ್ತರ ಬರೆದಿದ್ದೀರಿ; ಕೆಲಸ ಇಷ್ಟವಾಗಿದೆ ಎಂದಿದ್ದೀರಿ. ನಾಲ್ಕು ವರ್ಷ ಕೈ ಪಳಗಿದ ವೃತ್ತಿಯನ್ನು ನೆಂಟರ ಮುಖ ನೋಡಿ ಬಿಡುವುದು ಸಲ್ಲದು, ಆದ್ದರಿಂದ ಕಚೇರಿ ಕೆಲಸದ ವಿಚಾರವನ್ನು ಬದಿಗಿಡೋಣ. ಹಾಗೆಂದು ಈಗಿರುವಂತೆಯೇ ಇದ್ದುಬಿಡಿ ಎಂದೂ ನಾನು ಹೇಳಲಾರೆ. ರೋಲ್ ಏರಿಸಿ ಪ್ರಿಂಟ್ ಕೊಡುವುದನ್ನು ಹೊಸಬರಿಗೆ ಬೇಗ ಕಲಿಸಬಹುದು; ಅಷ್ಟರಲ್ಲೇ ನಿಂತವರ ಸಂಬಳವೂ ಬೇಗ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ತಂದೆಯ ಮಾತಿನಲ್ಲಿ ಸತ್ಯವೇನಾದರೂ ಇದ್ದರೆ ಅದು ಇಷ್ಟೇ.

ಈ ಕ್ಷೇತ್ರದಲ್ಲಿ ಬೆಲೆ ಇರುವುದು, ಅಂಟಿಸಿದ ಗ್ರಾಫಿಕ್ ಎಷ್ಟು ಕಾಲ ನಿಲ್ಲುತ್ತದೆ, ಎಲ್ಲಿ ಮೊದಲು ಕೆಡುತ್ತದೆ ಎಂಬುದನ್ನು ಪ್ರಿಂಟ್ ಕೊಡುವ ಮೊದಲೇ ಹೇಳಬಲ್ಲವರಿಗೆ. ಒಂದು ವ್ಯಾನಿಗೆ ಪೂರ್ತಿ ಹೊದಿಕೆಯ ಕೆಲಸ ಬಂದಿದೆ ಎಂದುಕೊಳ್ಳಿ. ಗ್ರಾಹಕರು ಕಡಿಮೆ ದರ ಕೇಳುತ್ತಾರೆ, ಕ್ಯಾಲೆಂಡರ್ಡ್ ವಿನೈಲ್ ಅಗ್ಗವಾಗಿ ಸಿಗುತ್ತದೆ. ಆದರೆ ಆ ಹಾಳೆಯನ್ನು ಬಿಸಿ ರೋಲರ್‌ಗಳ ನಡುವೆ ಒತ್ತಿ, ಎಳೆದು ತಯಾರಿಸಿರುವುದರಿಂದ ಎಳೆತ ಅದರೊಳಗೇ ಉಳಿದಿರುತ್ತದೆ. ಬಿಸಿಲು ಬಿದ್ದಾಗ ಅದು ಕುಗ್ಗಲು ನೋಡುತ್ತದೆ, ಬಾಗಿದ ಜಾಗಗಳಲ್ಲಿ ಮೊದಲು ಎದ್ದು ಬರುತ್ತದೆ. ಕಾಸ್ಟ್ ವಿನೈಲನ್ನು ದ್ರವರೂಪದಲ್ಲಿ ಸುರಿದು ಒಲೆಯಲ್ಲಿ ಒಣಗಿಸಿರುತ್ತಾರೆ. ಸಾಮಾನ್ಯವಾಗಿ 50 ಮೈಕ್ರಾನಿನಷ್ಟು ತೆಳುವಾಗಿರುವ ಅದು ಉಬ್ಬುತಗ್ಗುಗಳಿಗೂ ರಿವೆಟ್‌ಗಳಿಗೂ ಹೊಂದಿಕೊಂಡು ಕೂರುತ್ತದೆ. ಸಮತಟ್ಟಾದ ಗೋಡೆಗೆ ಅಲ್ಪಾವಧಿಯ ಪ್ರಚಾರಕ್ಕಾದರೆ ಕ್ಯಾಲೆಂಡರ್ಡ್ ಸಾಕು, ಅಲ್ಲಿ ಕಾಸ್ಟ್ ಹಾಕಿಸುವುದು ಗ್ರಾಹಕರ ಹಣ ಪೋಲು ಮಾಡಿದಂತೆ. ಇನ್ನು ಕಾಸ್ಟ್ ವಿನೈಲಿನ ಮೇಲೆ ಅಗ್ಗದ ಕ್ಯಾಲೆಂಡರ್ಡ್ ಲ್ಯಾಮಿನೇಟ್ ಎಳೆದರೆ, ಮೇಲಿನ ಪದರ ಕುಗ್ಗುವಾಗ ಕೆಳಗಿನದನ್ನೂ ಜೊತೆಗೆ ಎಳೆದುಕೊಂಡು ಅಂಚು ಸುರುಳಿಯಾಗುತ್ತದೆ. ಎಕೋ ಸಾಲ್ವೆಂಟ್ ಶಾಯಿಯ (ಆವಿಯಾಗಿ ಹೋಗುವ ದ್ರಾವಕವಿರುವ ಶಾಯಿ) ಪ್ರಿಂಟನ್ನು ಕನಿಷ್ಠ 24 ಗಂಟೆ ಗಾಳಿಯಾಡಲು ಬಿಡದೆ ಲ್ಯಾಮಿನೇಟ್ ಮಾಡಿದರೂ ಬಹುಮಟ್ಟಿಗೆ ಇದೇ ಗತಿ: ಒಳಗೆ ಸಿಕ್ಕಿಬಿದ್ದ ಸಾಲ್ವೆಂಟ್ ಅಂಟನ್ನು ಮೆತ್ತಗಾಗಿಸುತ್ತದೆ. ಮುಟ್ಟಿದರೆ ಒಣಗಿದೆ ಎನಿಸುವುದು ಇಲ್ಲಿ ಯಾವ ಪುರಾವೆಯೂ ಅಲ್ಲ. ‘ಇವತ್ತೇ ಬೇಕು’ ಎಂದು ಗ್ರಾಹಕರು ಒತ್ತಾಯಿಸಿದಾಗ ‘ಆಗುವುದಿಲ್ಲ’ ಎಂದು ಕಾರಣಸಹಿತ ಹೇಳುವ ಅಧಿಕಾರ ಇವೆಲ್ಲ ತಿಳಿದವರಿಗೆ ಮಾತ್ರ ಬರುತ್ತದೆ. ನಾಲ್ಕು ವರ್ಷದಲ್ಲಿ ನೀವು ಇವನ್ನು ಕಣ್ಣಾರೆ ನೋಡಿರುತ್ತೀರಿ. ಕಾರಣವನ್ನೂ ಬಲ್ಲಿರಾ, ಇಲ್ಲ ಮೇಲಿನವರು ಹೇಳಿದ ಹಾಗೆ ಮಾಡುತ್ತಿದ್ದೀರಾ ಎಂಬುದನ್ನು ನೀವೇ ಪರೀಕ್ಷಿಸಿಕೊಳ್ಳಬೇಕು.

ನೀವು ಈಗ ಕೆಲಸದ ನಡುಭಾಗದಲ್ಲಿದ್ದೀರಿ. ಅದರ ಹಿಂದೆ ಫೈಲ್ ಸಿದ್ಧಪಡಿಸುವವರಿದ್ದಾರೆ, ಮುಂದೆ ಜಾಗಕ್ಕೆ ಹೋಗಿ ಅಂಟಿಸುವವರಿದ್ದಾರೆ, ಮತ್ತು ನಿಮ್ಮ ಪತ್ರದಲ್ಲಿ ಈ ಇಬ್ಬರ ಕೆಲಸದ ಸುಳಿವೂ ಇಲ್ಲ. ಫೈಲಿನ ಕಡೆ ಕಲಿಯಬೇಕಾದದ್ದು ಫೈಲನ್ನು ಪ್ರಿಂಟರಿಗೆ ಅರ್ಥವಾಗುವಂತೆ ಬದಲಿಸುವ ರಿಪ್ ಸಾಫ್ಟ್‌ವೇರ್, ಪ್ರತಿ ಬಗೆಯ ಹಾಳೆಗೂ ಬೇರೆ ಬೇರೆ ಬಣ್ಣದ ಪ್ರೊಫೈಲ್ (ಬಣ್ಣ ಸರಿಯಾಗಿ ಬರಲು ಬೇಕಾದ ಹೊಂದಾಣಿಕೆ), ದೊಡ್ಡ ಚಿತ್ರವನ್ನು ಪ್ಯಾನೆಲ್‌ಗಳಾಗಿ ವಿಂಗಡಿಸುವುದು, ನೋಡುವ ದೂರಕ್ಕೆ ತಕ್ಕ ರೆಸಲ್ಯೂಷನ್. ಕುಳಿತು ಅಭ್ಯಾಸ ಮಾಡಿದರೆ ಇವು ಬರುತ್ತವೆ. ಅಂಟಿಸುವ ವಿದ್ಯೆ ಹಾಗಲ್ಲ, ಅದು ಕೈಗೆ ಹತ್ತಬೇಕು. ಹಾಳೆಯನ್ನು ಒತ್ತಿ ಸವರುವ ಪಟ್ಟಿಯಾದ ಸ್ಕ್ವೀಜಿಯ ಒತ್ತಡ ಎಷ್ಟಿರಬೇಕು, ಮೇಲ್ಮೈಯ ಎಣ್ಣೆ, ಮೇಣದ ಅಂಶ ಪೂರ್ತಿ ಹೋಗಿದೆಯೇ, ಹೊಸದಾಗಿ ಬಳಿದ ಬಣ್ಣದಿಂದ ಇನ್ನೂ ಆವಿ ಹೊರಡುತ್ತಿದೆಯೇ, ತಗ್ಗಿನಲ್ಲಿ ಹಿಗ್ಗಿಸಿ ಕೂರಿಸಿದ ಹಾಳೆಗೆ ಕೊನೆಯಲ್ಲಿ ಸಾಕಷ್ಟು ಶಾಖ ಕೊಟ್ಟು ಅದರ ಹಿಂದೆಳೆತವನ್ನು ತಣಿಸಲಾಗಿದೆಯೇ ಎಂಬುದು ಎಷ್ಟು ಓದಿದರೂ ತಿಳಿಯುವುದಿಲ್ಲ. ಅಂಟಿಸುವ ತಂಡದ ಜೊತೆ ವಾರಕ್ಕೊಂದು ದಿನವಾದರೂ ನಿಮ್ಮನ್ನು ಕಳುಹಿಸುವಂತೆ ಮಾಲೀಕರನ್ನು ಕೇಳಿ. ಅದರಲ್ಲೂ ಹಳೆಯ ಗ್ರಾಫಿಕ್ ಕಿತ್ತು ತೆಗೆಯುವ ಕೆಲಸಕ್ಕೆ ತಪ್ಪದೆ ಹೋಗಿ. ಅದು ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಬೇಸರದ ಕೆಲಸ, ಆದರೆ ಯಾವ ಹಾಳೆ ಹೇಗೆ ಮುಪ್ಪಾಗಿದೆ, ಯಾವ ಅಂಟು ಗೋಡೆಯಲ್ಲೇ ಉಳಿದಿದೆ ಎಂಬುದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ತಂದೆಯವರ ವಿಷಯದಲ್ಲಿ ಒಂದು ಮಾತು. ಅವರು ನೆಂಟರ ಮುಂದೆ ಸುಮ್ಮನಿರುತ್ತಾರೆ ಎಂದು ಬರೆದಿದ್ದೀರಿ. ಅದೇ ನೆಂಟರು ನಿಮ್ಮನ್ನೇ ಕೇಳಿದಾಗ ನೀವು ಏನು ಹೇಳುತ್ತೀರಿ ಎಂದು ಬರೆದಿಲ್ಲ. ನೀವೂ ಮಾತು ತೇಲಿಸುವವರಾದರೆ, ಮೊದಲು ಅದನ್ನು ಬಿಡಬೇಕು.

ಈಗ ಅಣ್ಣನ ಹಣ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ, ಆ ಯಂತ್ರದ ಬಗ್ಗೆ ಇದೆ. ಹಳೆಯ ಪ್ರಿಂಟರ್ ಕೊಳ್ಳುವಾಗ ಕಣ್ಣಿಗೆ ಕಾಣುವ ಬೆಲೆಗಿಂತ, ಶಾಯಿ ಚಿಮ್ಮಿಸುವ ಹೆಡ್ ಎಷ್ಟು ಸವೆದಿದೆ ಎಂಬ ಕಾಣದ ಬೆಲೆ ದೊಡ್ಡದಿರಬಹುದು. ಮೇಲಾಗಿ ಈ ಯಂತ್ರಗಳು ಸುಮ್ಮನೆ ನಿಂತಷ್ಟೂ ಕೆಡುತ್ತವೆ: ಆರ್ಡರ್ ಇಲ್ಲದ ವಾರದಲ್ಲೂ ಹೆಡ್‌ನ ನಾಝಲ್ (ಶಾಯಿ ಹೊರಬರುವ ಸೂಕ್ಷ್ಮ ರಂಧ್ರ) ಒಣಗದಂತೆ ಕ್ಲೀನಿಂಗ್ ಓಡಿಸಬೇಕು, ಅದಕ್ಕೆ ಶಾಯಿ ವ್ಯಯವಾಗುತ್ತದೆ, ಸಾಲದ ಕಂತು ಮಾತ್ರ ಯಾವ ವಾರವೂ ನಿಲ್ಲುವುದಿಲ್ಲ. ಕಂತು ಕಟ್ಟುವ ಆತುರದಲ್ಲಿ ದರ ಇಳಿಸುತ್ತೀರಿ, ದರ ಇಳಿಸಿದ್ದಕ್ಕೆ ಅಗ್ಗದ ವಿನೈಲ್ ಹಾಕುತ್ತೀರಿ, ಆಮೇಲೆ ಅದು ಎದ್ದು ಬಂದಾಗ ದೂರು ನಿಮ್ಮ ಹೆಸರಿಗೇ ಬರುತ್ತದೆ.

ಸ್ವಂತ ಮಾಡಬಾರದು ಎಂದಲ್ಲ, ಕ್ರಮ ಬದಲಾಗಬೇಕು. ಎರಡೂ ಕಡೆಯ ಕೆಲಸ ಕೈಗೆ ಬಂದ ಮೇಲೆ, ಹಾಳೆಯನ್ನು ಆಕಾರಕ್ಕೆ ತಕ್ಕಂತೆ ಕತ್ತರಿಸುವ ಕಟಿಂಗ್ ಪ್ಲಾಟರ್ ಒಂದನ್ನು ಮತ್ತು ಅಂಟಿಸುವ ಉಪಕರಣಗಳನ್ನು ಇಟ್ಟುಕೊಂಡು ಶುರುಮಾಡಿ. ಪ್ರಿಂಟನ್ನು, ಇತರರಿಗೆ ಮುದ್ರಿಸಿಕೊಡುವ ಘಟಕಗಳಿಂದ ಮಾಡಿಸಿಕೊಳ್ಳಿ. ಲಾಭ ಕಡಿಮೆ ಎನಿಸಿದರೂ ಗ್ರಾಹಕರು ನಿಮ್ಮವರಾಗುತ್ತಾರೆ. ಹೊರಗೆ ಮುದ್ರಿಸಲು ನೀವು ತಿಂಗಳಿಗೆ ಕೊಡುವ ಮೊತ್ತ, ಸ್ವಂತ ಪ್ರಿಂಟರಿನ ಕಂತು, ಶಾಯಿ, ದುರಸ್ತಿ, ಹಾಳಾಗುವ ಹಾಳೆ ಎಲ್ಲ ಸೇರಿದ ಖರ್ಚನ್ನು ಸತತವಾಗಿ ಒಂದು ವರ್ಷ ಮೀರಿದಾಗ ಯಂತ್ರದ ಮಾತು ಎತ್ತಿ. ಈ ಲೆಕ್ಕವನ್ನು ಅಣ್ಣನ ಎದುರಿಗೇ ಬರೆದು ತೋರಿಸಿ, ಆ ಹಳೆಯ ಪ್ರಿಂಟರಿಗೆ ಅವರು ಮುಂಗಡ ಕೊಡುವ ಮುನ್ನವೇ ತೋರಿಸಿ.