ನಾಲ್ಕು ವರ್ಷಕ್ಕೆ ಗಾಲ್ಫ್ ಸೆಟ್ ಬೇಕಾ?

ವಿರಾಜಪೇಟೆ ಹತ್ತಿರ ಮನೆ, ಮಗಳಿಗೆ 4 ವರ್ಷ, ಈಗಲೇ ಸೆಟ್ ಕೊಳ್ಳಬೇಕಾ ಎಂದು ಕೇಳಿದ್ದೀರಿ. ಬೇಡ. ನಿಮ್ಮ ಹಳೆಯ ಕ್ಲಬ್ (ಗಾಲ್ಫ್ ಕೋಲು) ಕತ್ತರಿಸಿಯೂ ಕೊಡಬೇಡಿ. ಉದ್ದ ಕಡಿಮೆಯಾದರೂ ಕ್ಲಬ್ಬಿನ ತಲೆಯ ಭಾರ ಹಾಗೇ ಇರುತ್ತದೆ, ಮಗುವಿನ ಕೈ ಸೋಲುತ್ತದೆ. ಸದ್ಯಕ್ಕೆ ಪ್ಲಾಸ್ಟಿಕ್ ಆಟಿಕೆ ಕ್ಲಬ್, ಟೆನ್ನಿಸ್ ಚೆಂಡು ಸಾಕು.

ನಾನು ಮಗನಿಗೆ ಶುರು ಮಾಡಿದ್ದು ಕಾಫಿ ಕಣದಲ್ಲಿ. ಸಿಮೆಂಟ್ ಮೇಲೆ ಚೆಂಡು ನಿಲ್ಲುವುದೇ ಇಲ್ಲ, ಅದಕ್ಕೆ ಗೋಣಿಚೀಲ ಹಾಸಿದೆ. ನಿಜವಾದ ಗಾಲ್ಫ್ ಕುಳಿ 4.25 ಇಂಚು ಅಗಲ. ಮಕ್ಕಳಿಗೆ ಅದು ತೀರಾ ಚಿಕ್ಕದು, ಬಕೆಟ್ ಅಡ್ಡ ಮಲಗಿಸಿ. ಮೊದಲು ಒಂದೇ ಹೆಜ್ಜೆ ದೂರದಿಂದ ಹೊಡೆಸಿ. ಚೆಂಡು ಬಕೆಟ್ ಒಳಗೆ ಹೋದರೆ ಒಂದು ಹೆಜ್ಜೆ ಹಿಂದೆ. ಟಣ್ ಅಂತ ಸದ್ದಾದರೆ ಅವರಿಗೆ ಹಬ್ಬ!

ನಮ್ಮ ಕೊಡಗಿನಲ್ಲಿ ಹಾಕಿ ಕೋಲು ಹೇಗೂ ಮನೆಮನೆಯಲ್ಲಿ ಇರುತ್ತದೆ ಅಲ್ವಾ? ಬಲಗೈಯವರಿಗೆ ಗಾಲ್ಫಿನಲ್ಲೂ ಹಾಕಿಯ ಹಾಗೇ ಎಡಗೈ ಮೇಲೆ, ಬಲಗೈ ಕೆಳಗೆ. ಅಷ್ಟು ಹೇಳಿದರೆ ಸಾಕು, ಹಿಡಿತ ತಿದ್ದುತ್ತಾ ಕೂರಬೇಡಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಒಬ್ಬರು ಬೀಸುವಾಗ ಉಳಿದ ಮಕ್ಕಳು ದೂರ ಎಳೆದ ಗೆರೆಯ ಹಿಂದೆ. ನನ್ನ ಮೊಣಕಾಲಿಗೆ ಒಮ್ಮೆ ಬಿದ್ದಿದೆ, ಪ್ಲಾಸ್ಟಿಕ್ ಆದರೂ ಉರಿಯುತ್ತದೆ.

ಹದಿನೈದು ನಿಮಿಷ ಆದಮೇಲೆ ಚೆಂಡು ಬಿಟ್ಟು ನಾಯಿಯ ಹಿಂದೆ ಓಡಿದರೆ, ಓಡಲಿ ಬಿಡಿ. ನಿಮ್ಮ ಹತ್ತಿರದ ಬಿಟ್ಟಂಗಾಲದ ಗಾಲ್ಫ್ ಕೋರ್ಸ್ ಎಲ್ಲೂ ಹೋಗಲ್ಲ.